ಹಕ್ಕಿ ಮುದ್ರೆಯ ಕತ್ತರಿ

ಅಂಗಡಿಗೆ ಕನ್ನಡಿ ಒಂದೇ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಹರಡಿಕೊಂಡಿದ್ದ ಅದರ ಮುಂದೆ ಎರಡು ಕುರ್ಚಿಗಳಿದ್ದವು. ಕಿಟಕಿಯ ಪಕ್ಕದ್ದು ದೊಡ್ಡಾಕೆಯದು, ಒಳಗಿನದು ಎಡಚಿಯದು. ಕೂದಲು ಕತ್ತರಿಸುವವರ ಕಣ್ಣು ಗಿರಾಕಿಯ ತಲೆಗಿಂತ ಕನ್ನಡಿಯ ಮೇಲೇ ಹೆಚ್ಚು ಹೊತ್ತು ಇರುತ್ತದೆ. ಎರಡು ಕಡೆ ಸಮವಾಗಿ ಬಂತೇ, ಹಣೆಯ ಮೇಲಿನದು ಓರೆಯಾಯಿತೇ, ಎಲ್ಲವನ್ನೂ ಅಲ್ಲೇ ನೋಡಿ ತಿಳಿಯಬೇಕು. ಹಾಗಾಗಿ ದೊಡ್ಡಾಕೆ ಕತ್ತು ತಿರುಗಿಸದೆಯೇ ಪಕ್ಕದ ಕುರ್ಚಿಯಲ್ಲಿ ಏನು ನಡೆಯುತ್ತಿದೆಯೆಂದು ಇಡೀ ದಿನ ನೋಡಬಹುದಿತ್ತು. ನೋಡುತ್ತಲೂ ಇದ್ದಳು. ಅವಳ ಸಂಕಟವೆಲ್ಲ ಅಲ್ಲಿಂದಲೇ ಹುಟ್ಟುತ್ತಿತ್ತು.

ಇಬ್ಬರೂ ವಾರಗಿತ್ತಿಯರು. ಅವರ ಗಂಡಂದಿರು ಅಣ್ಣತಮ್ಮಂದಿರು, ಬಸ್ ಡಿಪೋದಲ್ಲಿ ಕೆಲಸ. ಅಂಗಡಿಯ ಮೇಲಿನ ಮಹಡಿಯೇ ಮನೆ. ಅತ್ತೆ ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ಕೂತು ಒಗೆದ ಟವೆಲ್ಲುಗಳನ್ನು ಮಡಚುತ್ತಿದ್ದಳು. ಹೋಗುವವರನ್ನೂ ಬರುವವರನ್ನೂ ಮಾತಾಡಿಸಿ ಕಳಿಸುವುದು ಅವಳ ಪಾಲಿನ ಉದ್ಯೋಗ.

ಅಂಗಡಿ ಕಟ್ಟಿದವಳು ದೊಡ್ಡಾಕೆ. ಹುಡುಗಿಯಾಗಿದ್ದಾಗ ಒಬ್ಬ ಮುದುಕಿಯ ಬಳಿ ನೆಲ ಗುಡಿಸುತ್ತ, ಬಾಚಣಿಗೆ ತೊಳೆಯುತ್ತ, ನೋಡಿ ನೋಡಿಯೇ ಕೆಲಸ ಕಲಿತವಳು. ಆ ಮುದುಕಿಯ ಬಳಿ ಒಂದು ಕತ್ತರಿ ಇತ್ತು. ತಿರುಪಿನ ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯ ಸಣ್ಣ ಮುದ್ರೆ. ಯಾವುದೋ ಹಳೆಯ ಕಮ್ಮಾರರ ಮನೆಯಲ್ಲಿ ಕೈಯಿಂದ ಬಡಿದು ಮಾಡಿದ್ದಂತೆ. ಅದು ಕೂದಲನ್ನು ಕತ್ತರಿಸುತ್ತಿದೆ ಅನ್ನಿಸುತ್ತಲೇ ಇರಲಿಲ್ಲ, ಕೂದಲು ತಾನಾಗಿ ಬಿಟ್ಟುಕೊಟ್ಟು ಉದುರುತ್ತಿದೆ ಅನ್ನಿಸುತ್ತಿತ್ತು. ಮುದುಕಿ ಅದನ್ನು ಯಾರ ಕೈಗೂ ಕೊಟ್ಟವಳಲ್ಲ. ಅವಳು ಹೋದ ಮೇಲೆ ಅದು ಏನಾಯಿತೋ ಗೊತ್ತಾಗಲಿಲ್ಲ.

ಮೈದುನನ ಮದುವೆಯಾಗಿ ಚಿಕ್ಕವಳು ಮನೆಗೆ ಬಂದಾಗ ದೊಡ್ಡಾಕೆಯೇ ಕರೆದು ಕೂರಿಸಿಕೊಂಡು ಕೆಲಸ ಹೇಳಿಕೊಟ್ಟಳು. ಹುಡುಗಿ ಎಡಗೈಯವಳು. ಮೊದಲ ದಿನವೇ, ‘ನೋಡು, ಇವಳು ಎಡಚಿ’ ಎಂದು ದೊಡ್ಡಾಕೆ ನಕ್ಕಿದ್ದಳು. ಆ ಹೆಸರು ಅಂಟಿಕೊಂಡಿತು, ಹುಡುಗಿಯೂ ಬೇಜಾರು ಮಾಡಿಕೊಳ್ಳಲಿಲ್ಲ.

“ಅಕ್ಕ, ಎಡಗೈಗೆ ಅಂತ ಬೇರೆ ಕತ್ತರಿ ಇರಲ್ವಾ?” ಎಂದು ಒಮ್ಮೆ ಕೇಳಿದ್ದಳು. “ಹೆಬ್ಬೆರಳು ನೋಯುತ್ತೆ.”

“ಅದೆಲ್ಲ ದುಡ್ಡಿದ್ದವರ ಸೋಗು,” ಎಂದಿದ್ದಳು ದೊಡ್ಡಾಕೆ. “ಕತ್ತರಿಗೆ ಎಡ ಬಲ ಇಲ್ಲ. ಕೈ ಪಳಗಬೇಕು ಅಷ್ಟೆ.”

ಎಡಗೈ ಕತ್ತರಿಯನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಕಂಡಿಲ್ಲ ಎಂದು ಹೇಳಿಕೊಳ್ಳುವ ಜಾಯಮಾನವೂ ಅವಳದಲ್ಲ. ದೊಡ್ಡಾಕೆ ಕೊಟ್ಟ ಹಳೆಯ ಕತ್ತರಿಯನ್ನೇ ಎಡಚಿ ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಒಳಕ್ಕೆಳೆದು ಒತ್ತಿ ಕತ್ತರಿಸುವ ಒಂದು ವರಸೆಯನ್ನು ತಾನೇ ಕಂಡುಕೊಂಡಳು. ಹೆಬ್ಬೆರಳಿನ ಬುಡ ಜಡ್ಡುಗಟ್ಟಿತು. ಆದರೆ ಕೈ ನಿಜಕ್ಕೂ ಪಳಗಿತು. ಎಷ್ಟು ಪಳಗಿತೆಂದರೆ, ಬಂದವರು ಕನ್ನಡಿಯಲ್ಲಿ ಅವಳನ್ನು ನೋಡಿ, “ಏನಮ್ಮ, ನಿನ್ನ ಕೈಲಿ ಜಾದೂ ಇದೆ” ಎನ್ನತೊಡಗಿದರು. ಆಗೆಲ್ಲ ದೊಡ್ಡಾಕೆ, “ಯಾರು ಕಲಿಸಿದ್ದು ಕೇಳಿ” ಎಂದು ನಗುತ್ತಿದ್ದಳು. ಮೊದಮೊದಲು ಆ ನಗು ನಿಜವಾಗಿತ್ತು.

ಹೊಟ್ಟೆಯೊಳಗೆ ಕಿಡಿ ಬಿದ್ದದ್ದು ಕುರ್ಚಿಯ ದೆಸೆಯಿಂದ. ಎಡಚಿ ಫೋನಿನಲ್ಲಿ ಯಾವುದೋ ಹರಾಜಿನ ಪುಟ ನೋಡುತ್ತ ನೋಡುತ್ತ, ಮುಚ್ಚಿಹೋದ ದೊಡ್ಡ ಸಲೂನೊಂದರ ಕುರ್ಚಿಯನ್ನು ಬೆಲೆ ಕೂಗಿ ಹಿಡಿದುಬಿಟ್ಟಳು. ಕೆಂಪು ತೊಗಲಿನ ಮೆತ್ತೆ, ಕಾಲ ಬಳಿ ಪೆಡಲ್. ತುಳಿದರೆ ಮೇಲೇಳುತ್ತದೆ, ಒತ್ತಿ ಹಿಡಿದರೆ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಬಂದವರೆಲ್ಲ ಒಮ್ಮೆ ಕೂತು, ಮೇಲೆ ಕೆಳಗೆ ಆಡಿ, ಎಷ್ಟಕ್ಕೆ ಬಂತೆಂದು ಕೇಳಿ ಬಾಯಿ ಬಿಡುವವರೇ. ಕಿಟಕಿಯ ಪಕ್ಕದ ಮರದ ಕುರ್ಚಿ ಇದ್ದಕ್ಕಿದ್ದಂತೆ ಮುದಿಯಾಗಿ ಕಾಣತೊಡಗಿತು.

“ನಮಗೂ ಹೇಳಿಕೊಡಮ್ಮ ಆ ವಿದ್ಯೆ. ನಾನೊಂದು ಮಿಕ್ಸಿ ತಗೊಂಡು ಮೋಸ ಹೋದೆ,” ಎಂದು ಬ್ಯಾಂಕಿನ ಹುಡುಗಿ ಒಂದು ದಿನ ಕೇಳಿದಳು.

ಎಡಚಿ ಕತ್ತರಿ ಆಡಿಸುತ್ತಲೇ ಹೇಳಿದಳು. “ವಿದ್ಯೆ ಏನಿಲ್ಲ. ಮೊದಲು ಮಾರುವವರ ಬಗ್ಗೆ ಬೇರೆಯವರು ಏನ್ ಹೇಳಿದ್ದಾರೆ ಓದಬೇಕು. ವಾಪಸ್ ತಗೋತಾರಾ ಇಲ್ವಾ ನೋಡಬೇಕು. ಸಾಗಣೆಗೆ ಎಷ್ಟು ಅಂತ ಮೊದಲೇ ಕೇಳಬೇಕು, ಇಲ್ಲಾಂದ್ರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ. ನಮ್ಮ ಬೆಲೆ ಇಷ್ಟೇ ಅಂತ ಮನಸ್ಸಲ್ಲಿ ಕಟ್ಟಿಕೊಂಡು ಅದನ್ನ ಹಾಕಿ ಫೋನ್ ಮುಚ್ಚಿಟ್ಟುಬಿಡಬೇಕು. ಕೊನೇ ಗಳಿಗೇಲಿ ನೋಡ್ತಾ ಕೂತ್ರೆ ಹಟ ಬರುತ್ತೆ, ಹಟ ಬಂದ್ರೆ ಕೈ ತಡೆಯಲ್ಲ. ಆಮೇಲೆ ಒಂದು ಮುಖ್ಯ. ಬರೀ ಸಾಮಾನಿನ ಫೋಟೋ ನಂಬಬಾರದು. ಯಾರಾದರೂ ಅದನ್ನ ಬಳಸ್ತಿರೋ ಫೋಟೋ ಕೇಳಬೇಕು. ಈ ಕುರ್ಚಿಲಿ ಒಬ್ಬರನ್ನ ಕೂರಿಸಿ ಫೋಟೋ ಕಳಿಸಿ ಅಂದೆ. ಆ ಮಾರುವವನು ತಾನೇ ಕೂತು ಕಳಿಸಿದ, ಪಾಪ.”

ಬಾಗಿಲ ಬಳಿಯಿಂದ ಅತ್ತೆ, “ಮದುವೆಗೆ ಮೊದಲು ನನಗೂ ಹಾಗೇ ಕೇಳೋಕೆ ಗೊತ್ತಿದ್ದಿದ್ರೆ ಚೆನ್ನಾಗಿತ್ತು. ನಿಮ್ಮ ಮಾವನ ಫೋಟೋ ಮಾತ್ರ ನೋಡಿ ಒಪ್ಪಿಬಿಟ್ಟೆ,” ಎಂದಳು. ಅಂಗಡಿಯೆಲ್ಲ ನಕ್ಕಿತು. ದೊಡ್ಡಾಕೆ ಮಾತ್ರ ಕೇಳಿಸದವಳಂತೆ ಗಿರಾಕಿಯ ಕುತ್ತಿಗೆಯ ಕೂದಲು ಕೊಡವುತ್ತಿದ್ದಳು. ಕೇಳಿಸಿದ್ದು ಪೂರಾ ಕೇಳಿಸಿತ್ತು, ಒಂದಕ್ಷರ ಬಿಡದಂತೆ.

ಆ ಕಿಡಿ ಹೊತ್ತಿಕೊಂಡದ್ದು ಹೆಡ್‌ಮಿಸ್ ಬಂದ ದಿನ. ಹೆಡ್‌ಮಿಸ್ ಎಂದರೆ ಶಾಲೆಯಿಂದ ನಿವೃತ್ತಿಯಾದ ಹಿರಿಯಾಕೆ. ದೊಡ್ಡಾಕೆ ಅಂಗಡಿ ತೆರೆದ ಮೊದಲ ವಾರವೇ ಬಂದು ಕೂತವರು, ಅಂದಿನಿಂದ ಬೇರೆ ಯಾರ ಕೈಗೂ ತಲೆ ಕೊಟ್ಟವರಲ್ಲ. ಅವರು ಬಂದಾಗ ದೊಡ್ಡಾಕೆಯ ಕುರ್ಚಿ ಖಾಲಿಯಿತ್ತು. ಅವಳು ಗಿರಾಕಿಗೆ ಹೊದಿಸುವ ಬಟ್ಟೆ ಕೊಡವಿ ಹಿಡಿದು, “ಬನ್ನಿ ಹೆಡ್‌ಮಿಸ್,” ಎಂದಳು.

ಹೆಡ್‌ಮಿಸ್ ಕಿಟಕಿಯ ಕುರ್ಚಿ ನೋಡಿದರು, ಕೆಂಪು ಕುರ್ಚಿ ನೋಡಿದರು. “ಇರಲಿ ಬಿಡಮ್ಮ, ಅವಸರ ಇಲ್ಲ. ಅವಳದು ಮುಗಿಯಲಿ, ಕಾಯ್ತೀನಿ,” ಎಂದು ಅತ್ತೆಯ ಪಕ್ಕ ಕೂತರು.

ಕೊಡವಿದ ಬಟ್ಟೆ ಕೈಯಲ್ಲೇ ಉಳಿಯಿತು. ದೊಡ್ಡಾಕೆ ಅದನ್ನು ನಿಧಾನವಾಗಿ ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಒಳಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಬಾಚಣಿಗೆಗಳನ್ನೇ ಮತ್ತೆ ತೊಳೆದಳು. ಯಾಕೆಂದು ಅವಳು ಹೆಡ್‌ಮಿಸ್‌ರನ್ನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಭಯ. ಆ ದಿನದಿಂದ ಅವಳಿಗೆ ಊಟ ರುಚಿಸಲಿಲ್ಲ. ಕನ್ನಡಿಯಲ್ಲಿ ಎಡಚಿಯ ಗಿರಾಕಿಗಳನ್ನು ಎಣಿಸುವುದು, ಅವಳಿಗೆ ಯಾರಾದರೂ ನಗುತ್ತ ಏನಾದರೂ ಹೇಳಿದರೆ ತನ್ನ ಬಗ್ಗೆಯೇ ಹೇಳಿದರೇನೋ ಎಂದು ಕಿವಿ ಚುರುಕಾಗಿಸುವುದು. ಅಂಗಡಿಯಲ್ಲಿ ಮೊದಲ ಕೈ ಯಾವುದು ಎಂಬ ಪ್ರಶ್ನೆ ಅಲ್ಲಿಯವರೆಗೆ ಇರಲೇ ಇಲ್ಲ. ಈಗ ಹಗಲೆಲ್ಲ ಅದೊಂದೇ ಪ್ರಶ್ನೆ.

ಕೊನೆಗೆ ಅವಳೇ ಒಂದು ಉತ್ತರ ಕಂಡುಕೊಂಡಳು. ತನ್ನ ಕೈ ಸೋತಿಲ್ಲ, ಕತ್ತರಿ ಸೋತಿದೆ. ಸಾಣೆ ಹಿಡಿಸಿ ಹಿಡಿಸಿ ಅಲಗು ಸವೆದಿದೆ. ಒಳ್ಳೆಯ ಕತ್ತರಿ ಬಂದರೆ ಹೆಡ್‌ಮಿಸ್ ತಾವಾಗಿ ಎದ್ದು ಬಂದಾರು.

ಹರಾಜಿನ ಪುಟವನ್ನು ಅವಳೂ ಫೋನಿನಲ್ಲಿ ಹಾಕಿಕೊಂಡಳು. ಎಡಚಿಯನ್ನು ಒಂದು ಮಾತು ಕೇಳಿದ್ದರೆ ಎಲ್ಲ ತೋರಿಸಿಕೊಡುತ್ತಿದ್ದಳು. ಆದರೆ ತಾನು ಕತ್ತರಿ ಹಿಡಿಯಲು ಕಲಿಸಿದವಳ ಮುಂದೆ ಫೋನ್ ಹಿಡಿದು ನಿಲ್ಲುವುದೇ? ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಹಡಿಗೆ ಹೋಗಿ ಒಬ್ಬಳೇ ಹುಡುಕುತ್ತಿದ್ದಳು. ಹಾಗೆ ಹುಡುಕುತ್ತಿದ್ದಾಗ ಒಂದು ದಿನ ಅದು ಎದುರಾಯಿತು. ತಿರುಪಿನ ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿ.

ದೊಡ್ಡಾಕೆ ಮಂಚದ ಮೇಲೆ ಕೂತುಬಿಟ್ಟಳು. ಕಪ್ಪು ಬಟ್ಟೆಯ ಮೇಲೆ ಬಾಯ್ದೆರೆದು ಮಲಗಿದ್ದ ಕತ್ತರಿ ಎಷ್ಟು ಹತ್ತಿರದ್ದೆನ್ನಿಸಿತೆಂದರೆ, ಬೆಳಗಿನಿಂದ ಸಂಜೆಯವರೆಗೆ ತನ್ನ ಎದುರಿಗೇ ಆಡುತ್ತಿರುವ ಕತ್ತರಿಯನ್ನು ನೋಡಿದಂತಾಯಿತು. ಅಲಗು ನಿಂತ ಬಗೆ, ಬೆರಳು ತೂರಿಸುವ ಉಂಗುರ ಇರುವ ಕಡೆ, ಎಲ್ಲ ಕಣ್ಣಿಗೆ ಒಗ್ಗಿದ್ದೇ. ‘ಇದು ನನಗೇ ಅಂತ ಮಾಡಿದ್ದು’ ಎಂದು ಬಾಯಿಬಿಟ್ಟೇ ಹೇಳಿಕೊಂಡಳು.

ಅವಳು ದಡ್ಡಿಯಲ್ಲ. ಕದ್ದು ಕೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದಳು. ಮಾರುವವನ ಬಗ್ಗೆ ಬೇರೆಯವರು ಬರೆದದ್ದು ಓದಿದಳು, ಒಳ್ಳೆಯ ಮಾತೇ ಇತ್ತು. ತುಕ್ಕು ಇದೆಯೇ, ತುದಿ ಮುರಿದಿದೆಯೇ, ತಿರುಪು ಬಿಗಿಯಾಗುತ್ತದೆಯೇ ಎಂದು ಬರೆದು ಕೇಳಿದಳು. ಆತ ಎಲ್ಲಕ್ಕೂ ಉತ್ತರಿಸಿದ. ‘ನಮ್ಮ ಚಿಕ್ಕಮ್ಮನದು. ಜೀವದಂತೆ ನೋಡಿಕೊಂಡಿದ್ದರು. ನನಗೆ ಈ ಕೆಲಸದ ಬಗ್ಗೆ ಏನೂ ಗೊತ್ತಿಲ್ಲ, ಚಿತ್ರ ಸರಿಯಾಗಿ ನೋಡಿ ತಗೊಳ್ಳಿ. ವಾಪಸ್ ಇಲ್ಲ.’ ಸಾಗಣೆಯ ಖರ್ಚನ್ನೂ ಕೇಳಿದಳು. ಕೈಯಲ್ಲಿ ಹಿಡಿದ ಫೋಟೋ ಒಂದನ್ನು ಮಾತ್ರ ಕೇಳಲಿಲ್ಲ. ಕುರ್ಚಿಗಾದರೆ ಸರಿ. ಕತ್ತರಿ ವಿಷಯದಲ್ಲಿ ಎಡಚಿಯಿಂದ ಬುದ್ಧಿ ಹೇಳಿಸಿಕೊಳ್ಳಬೇಕೇ, ನನಗೆ ಗೊತ್ತಿಲ್ಲದ ಕತ್ತರಿಯೇ?

ಒಂದು ವಿಚಾರ ಅವಳಿಗೂ ಚುಚ್ಚಿತು. ಇಷ್ಟು ಒಳ್ಳೆಯ ವಸ್ತುವಿಗೆ ಕೂಗುವವರೇ ಇಲ್ಲವಲ್ಲ? ತನ್ನನ್ನು ಬಿಟ್ಟರೆ ಇನ್ನೊಬ್ಬರು, ಅಷ್ಟೆ. ಹಕ್ಕಿ ಮುದ್ರೆಯ ಬೆಲೆ ಬಲ್ಲವರು ಈಗ ಯಾರಿದ್ದಾರೆ ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಹರಾಜು ಮುಗಿಯುವ ಮಧ್ಯಾಹ್ನ ಅವಳು ತನ್ನ ಬೆಲೆ ಹಾಕಿ ಫೋನನ್ನು ಶಾಂಪೂ ಬಾಟಲಿಗಳ ಹಿಂದೆ ಮುಚ್ಚಿಟ್ಟಳು. ಅಲ್ಲಿಗೇ ಬಿಟ್ಟಿದ್ದರೆ ನಿಯಮ ಪಾಲಿಸಿದಂತಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿ ಗಿರಾಕಿಯೊಬ್ಬಳು ಕನ್ನಡಿಯಲ್ಲಿ ಮುಖ ತಿರುಗಿಸಿ ತಿರುಗಿಸಿ ನೋಡಿಕೊಂಡು, “ಇಷ್ಟು ಚೆನ್ನಾಗಿ ನನಗೆ ಯಾರೂ ಮಾಡಿರಲಿಲ್ಲ” ಎಂದಳು. ಆ ಗಿರಾಕಿಗೆ ಅದಕ್ಕೆ ಮುಂಚೆ ಮಾಡುತ್ತಿದ್ದವಳು ದೊಡ್ಡಾಕೆಯೇ. ಎಡಚಿ ನಕ್ಕಳು. ದೊಡ್ಡಾಕೆಯ ಕೈ ಬಾಟಲಿಗಳ ಹಿಂದೆ ಹೋಯಿತು. ಆ ಇನ್ನೊಬ್ಬರು ಅವಳನ್ನು ಮೀರಿ ಕೂಗಿದ್ದರು. ಅವಳು ಏರಿಸಿದಳು. ಅವರೂ ಏರಿಸಿದರು. ಕಾಣದ ಆ ಮನುಷ್ಯರಿಗೆ ಎಡಚಿಯ ಮುಖವನ್ನೇ ಅಂಟಿಸಿಕೊಂಡು ಮತ್ತೆ ಮತ್ತೆ ಏರಿಸಿದಳು. ಕತ್ತರಿ ಅವಳದಾಯಿತು. ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಬೆಲೆ ಎಲ್ಲೋ ಹಿಂದೆ ಉಳಿದಿತ್ತು.

ಪಾರ್ಸಲ್ ಬಂದಾಗ ಎಡಚಿ ಮಹಡಿಗೆ ಊಟಕ್ಕೆ ಹೋಗಿದ್ದಳು. ಅತ್ತೆ ತೂಕಡಿಸುತ್ತಿದ್ದಳು. ದೊಡ್ಡಾಕೆ ಪೆಟ್ಟಿಗೆ ಬಿಡಿಸಿ, ಹತ್ತಿಯ ಬಟ್ಟೆ ಸರಿಸಿ, ಕತ್ತರಿ ತೆಗೆದು ಕಣ್ಣಿಗೊತ್ತಿಕೊಂಡಳು. ಬೆರಳು ತೂರಿಸಿದಳು. ಏನೋ ಇರುಸುಮುರುಸು. ಕಿರುಬೆರಳು ಇಡುವ ಕೊಕ್ಕೆ ಇರಬಾರದ ಕಡೆ ಇತ್ತು, ಉಂಗುರದ ಅಂಚು ಹೆಬ್ಬೆರಳನ್ನು ಕೊರೆಯಿತು. ಹೊಸದಲ್ಲವೇ, ಒಗ್ಗುತ್ತದೆ ಎಂದುಕೊಂಡು ತನ್ನ ಜಡೆಯ ತುದಿಯನ್ನು ಅಲಗಿನ ನಡುವೆ ಇಟ್ಟು ಮುಚ್ಚಿದಳು. ಕೂದಲು ತುಂಡಾಗಲಿಲ್ಲ. ಅಲಗುಗಳ ನಡುವೆ ಮಡಚಿಕೊಂಡು ಸುಮ್ಮನೆ ಸಿಕ್ಕಿಹಾಕಿಕೊಂಡಿತು. ಮತ್ತೆ ಮಾಡಿದಳು, ಮತ್ತೆ ಮಡಚಿತು.

ಅವಳು ಕತ್ತರಿ ಎತ್ತಿ ಕನ್ನಡಿಗೆ ಹಿಡಿದಳು. ಕನ್ನಡಿಯಲ್ಲಿದ್ದ ಕತ್ತರಿ ಕೈಯಲ್ಲಿದ್ದ ಕತ್ತರಿಯಂತಿರಲಿಲ್ಲ. ಇನ್ನೊಂದು ಕೈಯಲ್ಲಿ ತನ್ನ ಹಳೆಯ ಕತ್ತರಿ ಹಿಡಿದಳು. ಕೈಯಲ್ಲಿದ್ದ ಹಳೆಯದು, ಕನ್ನಡಿಯಲ್ಲಿದ್ದ ಹೊಸದು, ಎರಡೂ ಒಂದೇ. ಆಗ ಅವಳಿಗೆ ತಿಳಿಯಿತು. ಇಷ್ಟು ವರ್ಷ ಅವಳು ದಿನವಿಡೀ ನೋಡುತ್ತ ಬಂದದ್ದು ಕತ್ತರಿಯನ್ನಲ್ಲ, ಕನ್ನಡಿಯೊಳಗಿನ ಕತ್ತರಿಯನ್ನು. ಫೋನಿನ ಚಿತ್ರ ಅಷ್ಟು ಹತ್ತಿರದ್ದೆನ್ನಿಸಿದ್ದು ಅದಕ್ಕೇ. ಬೇರೆ ಯಾವ ಕಸುಬಿನವರಾದರೂ ಇದೇನೋ ಅಡ್ಡಾದಿಡ್ಡಿ ಇದೆಯಲ್ಲ ಎಂದು ಒಮ್ಮೆ ತಡೆಯುತ್ತಿದ್ದರು. ಕೂಗುವವರಿಲ್ಲದ ಕಾರಣವೂ ತಿಳಿಯಿತು. ಅದು ಎಡಗೈ ಕತ್ತರಿ.

“ಏನದು?” ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ.

“ಏನಿಲ್ಲ ಅತ್ತೆ, ಶಾಂಪೂ.”

“ಶಾಂಪೂ ಕಿರ್ ಅನ್ನುತ್ತಾ ಈಗಿನ ಕಾಲದಲ್ಲಿ.”

ಪೆಟ್ಟಿಗೆ ಬಾಟಲಿಗಳ ಹಿಂದೆ ಹೋಯಿತು. ಮುಂದಿನ ದಿನಗಳು ಅವಳ ಪಾಲಿಗೆ ಮುಳ್ಳಿನ ಹಾಸಿಗೆ. ಮರಳಿ ಹರಾಜಿಗೆ ಇಡೋಣವೆಂದರೆ ಆ ಪುಟವನ್ನು ಎಡಚಿ ದಿನವೂ ನೋಡುತ್ತಾಳೆ. ಇಲ್ಲೇ ಇಟ್ಟುಕೊಂಡರೆ ಬಾಟಲಿಗಳ ಹಿಂದಿನಿಂದ ಅದು ಅಣಕಿಸುತ್ತದೆ. ಇಡೀ ಅಂಗಡಿಯಲ್ಲಿ ಅದು ಹೊಂದುವುದು ಒಂದೇ ಒಂದು ಕೈಗೆ, ಯಾವ ಕೈಯನ್ನು ಮೀರಿಸಲೆಂದು ಅವಳು ಅದನ್ನು ತರಿಸಿದ್ದಳೋ ಆ ಕೈಗೆ. ಸವೆದ ಕತ್ತರಿಯಲ್ಲೇ ಇಷ್ಟು ಹೆಸರು ಮಾಡಿದವಳಿಗೆ ಹಕ್ಕಿ ಮುದ್ರೆಯದು ಸಿಕ್ಕರೆ ತನ್ನ ಕುರ್ಚಿಯನ್ನು ಕೇಳುವವರು ಯಾರು? ಅಲ್ಲದೆ, ಕತ್ತರಿಗೆ ಎಡ ಬಲ ಇಲ್ಲ ಎಂದವಳು ತಾನೇ ಅಲ್ಲವೇ.

ಬೆಳಿಗ್ಗೆ ದೇವರ ಮುಂದೆ ನಿಂತು ಕಣ್ಣು ಮುಚ್ಚಿದರೆ ದೇವರ ಮುಖ ಬರುತ್ತಿರಲಿಲ್ಲ. ಹೆಬ್ಬೆರಳೊಂದು ಬರುತ್ತಿತ್ತು, ಜಡ್ಡುಗಟ್ಟಿ ಊದಿದ, ಬಿಳಿ ಪಟ್ಟಿ ಸುತ್ತಿದ ಹೆಬ್ಬೆರಳು. ಅವಳು ಕಣ್ಣು ಬಿಟ್ಟು, ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಕೆಳಗಿಳಿಯುತ್ತಿದ್ದಳು.

ಆ ಪಟ್ಟಿ ನಿಜಕ್ಕೂ ಇತ್ತು. ಎಡಚಿಯ ಬೆರಳು ಇತ್ತೀಚೆಗೆ ಹೆಚ್ಚೇ ನೋಯುತ್ತಿತ್ತು. ಹೆಡ್‌ಮಿಸ್ ಮತ್ತೆ ಬಂದ ದಿನ ಅದು ಕೆಂಪಗೆ ಊದಿಕೊಂಡಿತ್ತು. ಅವರು ನೇರ ಕೆಂಪು ಕುರ್ಚಿಗೆ ಹೋಗಿ ಕೂತರು. ಎಡಚಿ ಕತ್ತರಿ ಎತ್ತಿ, ಒಮ್ಮೆ ಒತ್ತಿ, ತುಟಿ ಕಚ್ಚಿಕೊಂಡು ಕೆಳಗಿಟ್ಟಳು.

“ಅಕ್ಕ, ಇವರದು ನೀವೇ ಮಾಡಿಬಿಡಿ. ನನಗೆ ಆಗ್ತಿಲ್ಲ.”

ದೊಡ್ಡಾಕೆಯ ಎದೆ ಹಿಗ್ಗಿತು. ಬೆರಳಿನ ಬಗ್ಗೆ ಅಯ್ಯೋ ಎನ್ನಿಸಿದ್ದು ಆಮೇಲೆ. ಮೊದಲು ಹಿಗ್ಗಿದ್ದೇ ನಿಜ. ಕಿಟಕಿಯ ಕುರ್ಚಿಯ ಮೇಲಿನ ಬಟ್ಟೆ ಕೊಡವಿ, “ಬನ್ನಿ ಹೆಡ್‌ಮಿಸ್, ಈ ಕಡೆ,” ಎಂದಳು.

“ಆ ಕುರ್ಚಿಗೆ ಬರಲ್ಲಮ್ಮ,” ಎಂದರು ಹೆಡ್‌ಮಿಸ್. “ಅದರ ಎತ್ತರ ನನ್ನ ಮಂಡಿಗೆ ಆಗಲ್ಲ. ಹತ್ತಿದರೆ ಇಳಿಯೋಕಾಗಲ್ಲ. ಇದು ನೋಡು, ಹೇಗೆ ಕೆಳಗೆ ಬರುತ್ತೆ. ನೀನೇ ಇಲ್ಲಿಗೆ ಬಂದು ಮಾಡು.”

ದೊಡ್ಡಾಕೆ ಬಟ್ಟೆಯನ್ನು ಮತ್ತೆ ಕುರ್ಚಿಯ ಬೆನ್ನಿಗೆ ಹಾಕಿದಳು. “ಹೋದ ಸಲ ಕಾಯ್ತೀನಿ ಅಂದ್ರಲ್ಲ, ಅದೂ...”

“ಮಂಡಿಗೇ. ಮತ್ತಿನ್ಯಾಕೆ? ಈ ವಯಸ್ಸಲ್ಲಿ ಮಂಡಿ ನೋವು ಅಂತ ಎಲ್ಲರೆದುರು ಹೇಳಿಕೊಳ್ಳಲಾ?” ಹೆಡ್‌ಮಿಸ್ ಸುತ್ತ ನೋಡಿ, “ಈಗ ಹೇಳಿಸಿಬಿಟ್ಟೆ ನೋಡು,” ಎಂದರು.

ದೊಡ್ಡಾಕೆ ಕೆಂಪು ಕುರ್ಚಿಯ ಹಿಂದೆ ಬಂದು ನಿಂತಳು. ಸವೆದ ಹಳೆಯ ಕತ್ತರಿ ಎಂದಿನಂತೆ ಆಡಿತು. ಹೆಡ್‌ಮಿಸ್ ಎಂದಿನಂತೆ ಕಣ್ಣು ಮುಚ್ಚಿ, “ಹಾಂ, ಇದು ಕೈ” ಎಂದರು. ಕೇಳಬೇಕೆಂದು ಹಂಬಲಿಸಿದ್ದ ಮಾತು ಬಂತು. ಬಂದರೂ ಅದಕ್ಕೆ ತಾನು ಎಣಿಸಿದ್ದ ರುಚಿ ಇರಲಿಲ್ಲ, ಯಾಕೆಂದರೆ ಅದು ಎಲ್ಲೂ ಹೋಗಿಯೇ ಇರಲಿಲ್ಲ.

ಅಷ್ಟರಲ್ಲಿ ಬ್ಯಾಂಕಿನ ಹುಡುಗಿ ಬಂದು ಕಿಟಕಿಯ ಕುರ್ಚಿಯಲ್ಲಿ ಕೂತು, ಮಧ್ಯಾಹ್ನದ ಬಿಡುವು ಮುಗಿಯುವುದರೊಳಗೆ ಆಗಬೇಕೆಂದಳು. ಇಲ್ಲವೆನ್ನಲಾಗದೆ ಎಡಚಿ ಪಟ್ಟಿ ಸುತ್ತಿದ ಬೆರಳನ್ನೇ ಉಂಗುರದೊಳಗೆ ತುರುಕಿದಳು. ಕತ್ತರಿ ತಡೆತಡೆದು ಆಡುವ ಸದ್ದು ದೊಡ್ಡಾಕೆಯ ಕಿವಿಗೆ ಬಿತ್ತು. ಆ ಸದ್ದು ಎಷ್ಟೋ ವರ್ಷದಿಂದ ಇತ್ತು, ಅವಳು ಅದನ್ನು ಕೇಳಿರಲಿಲ್ಲ ಅಷ್ಟೆ.

ಅವಳು ಹೆಡ್‌ಮಿಸ್‌ಗೆ “ಒಂದು ನಿಮಿಷ” ಎಂದು ಶಾಂಪೂ ಬಾಟಲಿಗಳ ಬಳಿ ಹೋದಳು. ಬಾಟಲಿಗಳು ಒಂದಕ್ಕೊಂದು ತಾಗಿದವು. ತಿರುಗಿ ಬಂದು ಪೆಟ್ಟಿಗೆಯನ್ನು ಎಡಚಿಯ ಎದುರು ಇಟ್ಟು, “ಇದನ್ನ ಹಿಡಿದು ನೋಡು,” ಎಂದಳು. ದನಿ ಮೃದುವಾಗಿರಲಿಲ್ಲ.

ಎಡಚಿ ಬೆರಳು ತೂರಿಸಿದಳು. ಗಾಳಿಯಲ್ಲಿ ಒಮ್ಮೆ ಆಡಿಸಿದಳು. ಆಮೇಲೆ ಬ್ಯಾಂಕಿನ ಹುಡುಗಿಯ ಕುತ್ತಿಗೆಯ ಬಳಿ ಒಂದು ಎಳೆ ಹಿಡಿದು ಮುಚ್ಚಿದಳು. ಮುದುಕಿಯ ಅಂಗಡಿಯಲ್ಲಿ ಕೇಳಿದ್ದ ಅದೇ ಸದ್ದು, ಒಣಗಿದ ಎಲೆಯ ಮೇಲೆ ಬೆರಳು ಸವರಿದಂತೆ.

“ಅಕ್ಕ,” ಎಂದಳು. “ಇದು ಎಡಗೈದು. ನನಗೆ ಅಂತ ತರಿಸಿದ್ರಾ?”

ಹೌದು ಎಂದರೆ ಮುಗಿದುಹೋಗುತ್ತಿತ್ತು. ಬೀದಿಯೆಲ್ಲ ಎಂಥ ವಾರಗಿತ್ತಿ ಎಂದು ಕೊಂಡಾಡುತ್ತಿತ್ತು. ಆ ಒಂದು ಮಾತು ದೊಡ್ಡಾಕೆಯ ನಾಲಿಗೆಯ ತುದಿಯವರೆಗೂ ಬಂತು. ಬಾಗಿಲ ಬಳಿ ಅತ್ತೆ ಟವೆಲ್ ಮಡಚುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಆದರೆ ಅವಳನ್ನು ತಡೆದದ್ದು ಅತ್ತೆಯ ನೋಟವಲ್ಲ. ನಾಳೆ ಬೆಳಿಗ್ಗೆ ದೇವರ ಮುಂದೆ ಮತ್ತೆ ಕಣ್ಣು ಮುಚ್ಚಬೇಕಲ್ಲ.

“ಇಲ್ಲ,” ಎಂದಳು. “ನನಗೇ ಅಂತ ತಗೊಂಡೆ. ನಿನ್ನ ಆ ಹರಾಜಿನಲ್ಲೇ. ಎಡಗೈದು ಅಂತ ತಿಳೀಲಿಲ್ಲ.”

ಎಡಚಿ ಕಣ್ಣರಳಿಸಿದಳು. “ಕೈಯಲ್ಲಿ ಹಿಡಿದ ಫೋಟೋ ಕೇಳಿದ್ರಾ?”

“ಕೇಳಲಿಲ್ಲ.”

“ಕೇಳಬೇಕಿತ್ತು ಅಕ್ಕ.”

“ಕೇಳಿದ್ರೆ ತಗೊಳ್ತಾನೇ ಇರಲಿಲ್ಲ. ನಿನಗೂ ಸಿಗ್ತಿರಲಿಲ್ಲ. ಸುಮ್ಮನೆ ಕೆಲಸ ಮಾಡು.”

“ಶಾಂಪೂ ಚೆನ್ನಾಗಿದೆ,” ಎಂದಳು ಅತ್ತೆ, ಟವೆಲ್ ಎತ್ತಿಕೊಳ್ಳುತ್ತ. ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವಳಿಗೆ ಆಯಿತು, ಬೇಡವೆಂದರೂ ನಗು ಬಂತು.

ದೊಡ್ಡಾಕೆ ಕೆಂಪು ಕುರ್ಚಿಯ ಹಿಂದೆ ಹೋಗಿ ಬಾಚಣಿಗೆ ಎತ್ತಿಕೊಂಡು ಕನ್ನಡಿ ನೋಡಿದಳು. ಅಲ್ಲಿ ಕಿಟಕಿಯ ಬೆಳಕಿನಲ್ಲಿ ಒಬ್ಬಳು ನಿಂತಿದ್ದಳು. ಕನ್ನಡಿಯಲ್ಲಿ ಅವಳದು ಬಲಗೈ, ಆ ಬಲಗೈಯಲ್ಲಿ ಹಕ್ಕಿ ಮುದ್ರೆಯ ಕತ್ತರಿ ಹೊಂದಿಕೊಂಡು ಆಡುತ್ತಿತ್ತು, ಕೂದಲು ತಾನಾಗಿ ಬಿಟ್ಟುಕೊಟ್ಟು ಉದುರುತ್ತಿತ್ತು. ಮಂಚದ ಮೇಲೆ ಕೂತು ಆಸೆಪಟ್ಟಿದ್ದ ಚಿತ್ರ ಕೂದಲೆಳೆಯಷ್ಟೂ ತಪ್ಪದೆ ಕಣ್ಣೆದುರಿಗಿತ್ತು. ಮುಖ ಮಾತ್ರ ಬೇರೆಯವಳದು.

ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಇಷ್ಟಾದ ಮೇಲೂ ಉರಿಯಿತು.

“ತಿರುಪು ಸ್ವಲ್ಪ ಸಡಿಲ ಇದೆ ಅದರದ್ದು,” ಎಂದಳು ದೊಡ್ಡಾಕೆ, ಕನ್ನಡಿಯಿಂದ ಕಣ್ಣು ತೆಗೆಯದೆ. “ಸಂಜೆ ಕೊಡು, ನಾನೇ ಬಿಗಿ ಮಾಡ್ತೀನಿ. ನಿನಗೆ ಬರಲ್ಲ.”

“ಸರಿ ಅಕ್ಕ,” ಎಂದಳು ಎಡಚಿ.

ದೊಡ್ಡಾಕೆ ಪೆಡಲ್ ಒತ್ತಿ ಹಿಡಿದಳು. ಹೆಡ್‌ಮಿಸ್ ಸದ್ದಿಲ್ಲದೆ ಕೆಳಗಿಳಿದರು.